ಕೆಂಪಿಯ ಸ್ಟೀರಿಂಗು ಯಾವ ಕಡೆ

ಕತ್ತರಿ ಮಾಮನಿಗೆ ಕಾರು ಓಡಿಸೋಕೆ ಬರಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಅವನು ಟರ್ಬೋ, ಹಾರ್ಸ್‌ಪವರ್ರು, ನಾಲ್ಕೂ ಚಕ್ರಕ್ಕೆ ಎಳೆತ ಅಂತ ಶುರು ಹಚ್ಕೊಂಡ್ರೆ ಎಂಥವರೂ ಮರುಳಾಗಿ ಕೈಗೆ ಕೀ ಕೊಟ್ಟುಬಿಡ್ತಾರೆ. ದಯವಿಟ್ಟು ಕೊಡಬೇಡಿ.

ಕಲಿಯೋಕೆ ಬಂದಿದ್ದ, ಸುಳ್ಳಲ್ಲ. ನಾನಿನ್ನೂ ಹುಟ್ಟಿರಲಿಲ್ಲ. ನನ್ನಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಮಾಮ ಆಗ ತಾನೇ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಕೊಂಡು ಕಟಿಂಗ್ ಶಾಪ್ ತೆರೆದಿದ್ದ. ಕಟಿಂಗ್ ಮಾಡೋರ ಕಣ್ಣು ಎಲ್ಲಿರುತ್ತೆ ಹೇಳಿ? ನಿಂತಿರೋದು ಗಿರಾಕಿಯ ಬೆನ್ನ ಹಿಂದೆ, ನೋಡೋದು ಎದುರಿನ ಕನ್ನಡಿ. ಕಿವಿ ಪಕ್ಕದ ಕೂದಲು ಎರಡೂ ಕಡೆ ಸಮ ಇದೆಯಾ, ಹಣೆ ಮೇಲೆ ಗೆರೆ ನೆಟ್ಟಗಿದೆಯಾ, ಎಲ್ಲಾ ಕನ್ನಡಿಯಲ್ಲೇ ಲೆಕ್ಕ. ಆ ಅಭ್ಯಾಸವನ್ನ ಅವನು ಕಾರಿಗೂ ತಂದ. ಸ್ಟೀರಿಂಗ್ ಮುಂದೆ ಕೂತ, ಮೇಲೆ ಪುಟ್ಟ ಕನ್ನಡಿ ಕಾಣಿಸ್ತು, ಮುಗೀತು ಕಥೆ. ರಸ್ತೆ ಅಂತ ಒಂದಿದೆ ಅನ್ನೋದನ್ನೇ ಮರೆತು ಕನ್ನಡಿ ನೋಡ್ಕೊಂಡೇ ಓಡಿಸಿದ.

“ಮುಂದೆ ನೋಡಯ್ಯಾ!” ಅಂತ ಅಪ್ಪ ಕೂಗಿದ.

“ಮುಂದೇನೇ ನೋಡ್ತಿದೀನಿ ಮೇಷ್ಟ್ರೇ,” ಅಂದ ಮಾಮ, ಕನ್ನಡಿ ನೋಡ್ತಾ.

ಕಾರು ಕಸದ ತೊಟ್ಟಿಗೆ ಗುದ್ದೋಕೆ ಒಂದು ಗೇಣು ಇದೆ ಅನ್ನುವಾಗ ಅಪ್ಪ ತನ್ನ ಕಡೆಯ ಬ್ರೇಕ್ ತುಳಿದ. ಇಬ್ಬರೂ ಇಳಿದು, ತೊಟ್ಟಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ರಸ್ತೆ ಬದಿಯಲ್ಲೇ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. “ನೀನು ಕತ್ತರಿ ನೋಡ್ಕೋ, ಸ್ಟೀರಿಂಗು ನಾನು ನೋಡ್ಕೋತೀನಿ,” ಅಂದ ಅಪ್ಪ. ಅವತ್ತಿಂದ ಅವನ ಹೆಸರೇ ಕತ್ತರಿ ಆಯ್ತು. ಅವತ್ತು ಸಂಜೆಯೇ ಅಪ್ಪ ಅವನ ಅಂಗಡಿಗೆ ಹೋಗಿ ಗಡ್ಡ ಮಾಡಿಸ್ಕೊಂಡ. ಆಮೇಲೆ ಬೇರೆ ಯಾರ ಕೈಗೂ ಮುಖ ಕೊಟ್ಟಿಲ್ಲ.

ಅಪ್ಪನ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ. ಕಲಿಯೋರು ಬಲಕ್ಕೆ, ಕಲಿಸೋರು ಎಡಕ್ಕೆ. ಕಲಿಸೋರ ಕಾಲ ಕೆಳಗೆ ಒಂದು ಬ್ರೇಕು, ಒಂದು ಕ್ಲಚ್ಚು. ಎದುರಿಗೆ ಏನೂ ಇಲ್ಲ, ಖಾಲಿ. ಹೀಗೆ ಎಡಗಡೆ ಕೂತು ಕೂತು ಅಪ್ಪನಿಗೆ ಅದೇ ತನ್ನ ಜಾಗ ಆಗಿಬಿಡ್ತು. ಕೆಲಸ ಬಿಟ್ಟು ಮನೆಯವರನ್ನ ಕರ್ಕೊಂಡು ಹೋಗುವಾಗಲೂ ಅಭ್ಯಾಸಬಲ, ಎಡಗಡೆ ಬಾಗಿಲಿಗೇ ಹೋಗಿ ನಿಲ್ತಿದ್ದ. ನನಗೆ ಲೈಸೆನ್ಸ್ ಬಂದ ಮೇಲಂತೂ ಕೇಳೋದೇ ಬೇಡ. ಆ ಸೀಟಿನ ಸ್ಪಂಜು ಅಪ್ಪನ ಮೈಗೆ ತಕ್ಕ ಹಾಗೆ ತಗ್ಗಾಗಿತ್ತು. ಯಾರಾದರೂ ಕೂರೋಕೆ ಹೋದ್ರೆ, “ಅದು ನನ್ನ ಸೀಟು, ಹಿಂದೆ ಹೋಗಿ,” ಅಂತಿದ್ದ. ಇಷ್ಟು ವರ್ಷ ಕಾರಲ್ಲೇ ಬಾಳಿದ ಮನುಷ್ಯ ಸ್ವಂತ ಸಂತೋಷಕ್ಕೆ ಸ್ಟೀರಿಂಗ್ ಹಿಡಿದಿದ್ದು ಕಡಿಮೆ, ಎರಡನೇ ಗೇರು ದಾಟಿದ್ದು ಇನ್ನೂ ಕಡಿಮೆ.

ಇಂಥ ಇಬ್ಬರು, ಒಬ್ಬನಿಗೆ ಓಡಿಸೋಕೆ ಬರಲ್ಲ, ಇನ್ನೊಬ್ಬನಿಗೆ ಓಡಿಸೋ ಯೋಗ ಇಲ್ಲ, ಜೀವನವಿಡೀ ಕಿತ್ತಾಡಿದ್ದು ಯಾವುದಕ್ಕೆ ಗೊತ್ತಾ? ಫೆರಾರಿ ಎಫ್40 ದೊಡ್ಡದೋ, ಪೋರ್ಶೆ 959 ದೊಡ್ಡದೋ ಅಂತ! ಎರಡೂ ಹೊರದೇಶದ ಭಾರೀ ವೇಗದ ಕಾರು, ಇಬ್ಬರೂ ಕಣ್ಣಾರೆ ಕಂಡವರಲ್ಲ.

ಹಡಗಿನಲ್ಲಿ ಅಡುಗೆ ಮಾಡ್ತಿದ್ದ ಒಬ್ಬ ಗಿರಾಕಿ ಹೊರದೇಶದಿಂದ ಒಂದು ಕಾರಿನ ಪತ್ರಿಕೆ ತಂದು ಅಂಗಡಿಯಲ್ಲಿ ಬಿಟ್ಟು ಹೋಗಿದ್ದ. ಅದರೊಳಗೆ ಮಡಿಸಿಟ್ಟ ಎರಡು ದೊಡ್ಡ ಚಿತ್ರ. ಒಂದರಲ್ಲಿ ಕೆಂಪು ಫೆರಾರಿ, ಎದುರಿನಿಂದ ತೆಗೆದದ್ದು, ಗಾಜಿನೊಳಗೆ ಸ್ಟೀರಿಂಗ್ ಕೂಡ ಕಾಣುತ್ತೆ. ಇನ್ನೊಂದರಲ್ಲಿ ಬೆಳ್ಳಿ ಬಣ್ಣದ ಪೋರ್ಶೆ, ಪಕ್ಕದಿಂದ ತೆಗೆದದ್ದು. ಪತ್ರಿಕೆ ಅವರಿಗೆ ಬಾರದ ಭಾಷೆಯದು. ಅಂಕಿ ಮಾತ್ರ ಓದೋಕೆ ಬರ್ತಿತ್ತು, ಮಿಕ್ಕಿದ್ದು ಆ ಗಿರಾಕಿ ಬಾಯಿಂದ ಕೇಳಿದ್ದು, ಅಷ್ಟೇ ಸಾಕಾಯ್ತು ಜಗಳಕ್ಕೆ. ಅಪ್ಪ ಕೆಂಪನ್ನ ಹಿಡಿದ, ಮಾಮ ಬೆಳ್ಳಿಯನ್ನ. ಕೆಂಪಿ, ಬೆಳ್ಳಿ ಅಂತ ಹೆಸರೂ ಇಟ್ಟರು, ಹಸು ಕಟ್ಟಿಕೊಂಡವರ ಹಾಗೆ.

ಮಾಮ ಚಿತ್ರಗಳನ್ನ ಅಂಟಿಸಿದ್ದು ಅಂಗಡಿ ಬಾಗಿಲಿನ ಮೇಲೆ, ಒಳಗೋಡೆಗೆ. ಬೇರೆಲ್ಲೂ ಜಾಗ ಇರಲಿಲ್ಲ. ಒಳಗೆ ಬರುವಾಗ ಅವು ಬೆನ್ನಿಗೆ ಬೀಳ್ತವೆ. ಕಾಯೋ ಬೆಂಚು ಅದರ ಕೆಳಗೇ. ಹೊರಗೆ ಹೋಗುವಾಗ ಹೊಸ್ತಿಲಾಚೆ ಎತ್ತರದ ಮೆಟ್ಟಿಲು, ಎಲ್ಲರ ಕಣ್ಣೂ ಕಾಲ ಕೆಳಗೆ. ಹಾಗಾಗಿ ಆ ಕಾರುಗಳನ್ನ ನೋಡೋದು ಅಂದ್ರೆ ಕುರ್ಚಿಯಲ್ಲಿ ಕೂತು ಎದುರಿನ ಕನ್ನಡಿಯಲ್ಲಿ ನೋಡೋದು.

“ನನ್ನ ಕೆಂಪಿ ಗಂಟೆಗೆ ಮುನ್ನೂರ ಇಪ್ಪತ್ನಾಲ್ಕು ಕಿಲೋಮೀಟರ್ ಓಡುತ್ತೆ. ನಿನ್ನ ಬೆಳ್ಳಿ?” ಅಂತಿದ್ದ ಅಪ್ಪ.

“ಮುನ್ನೂರ ಹದಿನೇಳು. ಏಳು ಕಿಲೋಮೀಟರ್‌ಗೆ ಯಾಕೆ ಎದೆ ಉಬ್ಬಿಸ್ತೀರಾ? ನಿಂತಲ್ಲಿಂದ ಹೊರಟು ನೂರು ಮುಟ್ಟೋದ್ರಲ್ಲಿ ನನ್ನ ಬೆಳ್ಳಿ ಮುಂದೆ. ನಾಲ್ಕು ಚಕ್ರಾನೂ ಎಳೆಯುತ್ತೆ. ಒದ್ದೆ ರಸ್ತೆಗೆ ನಿಮ್ಮ ಕೆಂಪಿಯನ್ನ ಇಳಿಸಿ ನೋಡಿ, ಅಡ್ಡಡ್ಡ ಹೋಗುತ್ತೆ.”

“ಹೋಗಲಿ ಬಿಡು, ಓಡಿಸೋನಿಗೆ ಕೈ ಇರಬೇಕು. ನಿಂದು ಕಾರೇನಯ್ಯ, ಆಸ್ಪತ್ರೆ ಮಂಚ. ಗುಂಡಿ ಒತ್ತಿ ಮೇಲೆ ಏರಿಸು, ಕೆಳಗೆ ಇಳಿಸು, ಮೆತ್ತನೆ ಸೀಟು.”

“ನಿಮ್ಮದ್ರಲ್ಲಿ ಒಳಗಡೆ ಬಾಗಿಲಿಗೆ ಹಿಡಿನೂ ಇಲ್ವಂತೆ, ಒಂದು ತಂತಿ ಎಳೀಬೇಕಂತೆ! ಅಷ್ಟು ದೊಡ್ಡ ಕಂಪನಿ, ಒಂದು ಹಿಡಿಗೆ ಗತಿ ಇಲ್ವಾ?”

ಮಾಮನದೊಂದು ಕುತಂತ್ರ ಇತ್ತು. ತನ್ನ ಒಳ್ಳೊಳ್ಳೆ ಮಾತನ್ನೆಲ್ಲ ಗಡ್ಡ ಮಾಡೋ ಕತ್ತಿ ಅಪ್ಪನ ಗಂಟಲ ಮೇಲೆ ಇರುವಾಗಲೇ ಹೇಳ್ತಿದ್ದ. ಅಪ್ಪ ಉಸಿರು ಬಿಡೋ ಹಾಗಿಲ್ಲ, ಇನ್ನು ಉತ್ತರ ಎಲ್ಲಿ? ಮುಖ ಕೆಂಪಾಗಿ ಕಣ್ಣಲ್ಲೇ ಬೈತಿದ್ದ. ಮಾತು ಮುಗಿಸಿ ಮಾಮ ಕತ್ತಿ ಎತ್ತಿ, ಗಾಳಿಯಲ್ಲಿ ಹಿಡಿದು, ನಗ್ತಾ ನಿಲ್ತಿದ್ದ. ಆಗ ಅಪ್ಪ ಸ್ಫೋಟ. “ಗಂಟಲ ಮೇಲೆ ಕತ್ತಿ ಇಟ್ಟು ವಾದ ಮಾಡ್ತೀಯಲ್ಲೋ, ನ್ಯಾಯಾನಾ ಇದು?” ನೊರೆ ಹಾರಿ ಕನ್ನಡಿಗೆಲ್ಲ ಬೀಳ್ತಿತ್ತು. ಬೆಂಚಿನ ಮೇಲೆ ಕಾಯೋರು ತಮ್ಮ ಸರದಿ ಬಂದ್ರೂ ಏಳ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಬೆಲೆಯದು. ಕಂಪನಿಯವರು ಬೆಳ್ಳಿಯಂಥ ಕಾರು ಮಾಡಿರೋದು ಬರೀ ಮುನ್ನೂರು ಚಿಲ್ಲರೆ. ಕೆಂಪಿ ಸಾವಿರದ ಮುನ್ನೂರು ದಾಟುತ್ತೆ. ಆದರೂ ಹಳೇ ಕಾರು ಕೂಡಿಡೋ ಸಿರಿವಂತರು ಕೆಂಪಿಗೇ ಹೆಚ್ಚು ಕೊಡ್ತಾರೆ. ಮಾಮನಿಗೆ ಇದು ಒಳಗೆ ಮುಳ್ಳಾಗಿ ಚುಚ್ತಿತ್ತು. “ಕಡಿಮೆ ಇರೋದಕ್ಕಲ್ವಾ ಮೇಷ್ಟ್ರೇ ಬೆಲೆ ಜಾಸ್ತಿ? ಇದ್ಯಾವ ಲೆಕ್ಕ?” ಅಪ್ಪ ಮೀಸೆ ಸವರಿಕೊಂಡು ಕೊನೇ ಅಸ್ತ್ರ ಬಿಡ್ತಿದ್ದ. ಬೆರಳು ಕನ್ನಡಿ ಕಡೆ. “ಅಲ್ಲಿ ನೋಡು. ಸ್ಟೀರಿಂಗ್ ಬಲಗಡೆ, ನಮ್ಮ ಹಾಗೇ. ನಾಳೆ ಯಾರಾದರೂ ಕೀ ಕೊಟ್ಟರೆ ಕೂತು ಹೊರಡೋದೇ, ಹೊಸದಾಗಿ ಏನೂ ಕಲಿಯೋ ಹಾಗಿಲ್ಲ. ಅದು ನನಗೋಸ್ಕರಾನೇ ಮಾಡಿರೋ ಕಾರು ಕಣೋ.”

ಈ ಮಾತಿಗೆ ಮಾತ್ರ ಮಾಮ ಯಾವತ್ತೂ ಎದುರು ಹೇಳ್ತಿರಲಿಲ್ಲ. ತಲೆ ಬಗ್ಗಿಸಿ, “ಅದೊಂದು ನಿಜ ಬಿಡಿ,” ಅಂತ ಕತ್ತಿ ಒರೆಸ್ತಿದ್ದ.

ಅಮ್ಮ ಕೇಳ್ತಿದ್ದಳು, “ಇವರಿಬ್ಬರಿಗೂ ತಲೆ ನೆಟ್ಟಗಿದೆಯಾ? ಮನೇಲಿ ಗ್ಯಾಸ್ ಒಲೆ ಹಚ್ಚೋಕೆ ಬರಲ್ಲ, ಟರ್ಬೋ ಅಂತೆ!” ಆದರೆ ಮಾಮನ ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಅವನ ತಟ್ಟೆ ನಮ್ಮ ಮನೆಯಲ್ಲೇ ಇರಬೇಕು ಅಂತ ಹಟ ಹಿಡಿದವಳೂ ಅವಳೇ. ಊಟದ ಮಧ್ಯೆ ಕಾರಿನ ಮಾತು ಬಂದರೆ ಸೌಟು ಎತ್ತುತ್ತಿದ್ದಳು, ಅಷ್ಟೇ.

ಹೀಗಿರುವಾಗ ಅಪ್ಪನಿಗೆ ಸ್ಟ್ರೋಕ್ ಆಯ್ತು. ಬೆಳಗಿನ ಪಾಠದಲ್ಲಿ, ಕಾರಿನೊಳಗೇ. ಪಕ್ಕದಲ್ಲಿ ಹೊಸದಾಗಿ ಕಲಿಯೋಕೆ ಬಂದಿದ್ದ ಹೆಂಗಸು. ಅವಳು ಹೇಳೋದು, ಮೇಷ್ಟ್ರು ಇದ್ದಕ್ಕಿದ್ದ ಹಾಗೆ “ಬ್ರೇಕ್” ಅಂದರು, ತಾವೇ ತುಳಿದು ಕಾರು ನಿಲ್ಲಿಸಿದರು, ಆಮೇಲೆ ಬಾಗಿಲಿಗೆ ಒರಗಿಬಿಟ್ಟರು ಅಂತ. ಎಂಥ ಮೇಷ್ಟ್ರು ನೋಡಿ, ಬೀಳುವಾಗಲೂ ಗಾಡಿ ನಿಲ್ಲಿಸಿಯೇ ಬಿದ್ದಿದ್ದಾನೆ.

ಜೀವ ಉಳೀತು. ಬಲಗೈ, ಬಲಗಾಲು ಸೋತವು. ಮಾತು ಪೂರಾ ಹೋಯ್ತು, ಒಂದು ಪದ ಬಿಟ್ಟು. ಬ್ರೇಕ್. ನೀರು ಬೇಕಾದ್ರೆ ಬ್ರೇಕ್, ಹೊದಿಕೆ ಬೇಕಾದ್ರೆ ಬ್ರೇಕ್, ಅಮ್ಮನನ್ನ ಕರೆಯೋಕೂ ಬ್ರೇಕ್. “ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ನಾನು ಬ್ರೇಕ್ ಆದೆ,” ಅಂತ ಅಮ್ಮ ನಗ್ತಾನೇ ಅತ್ತಳು. ಅಪ್ಪನಿಗೆ ತಾನು ಹೇಳ್ತಿರೋದು ತಪ್ಪು ಅಂತ ಗೊತ್ತಾಗ್ತಿತ್ತು. ಅದೇ ಕರುಳು ಕಿತ್ತು ಬರೋ ಹಾಗೆ ಮಾಡ್ತಿತ್ತು. ಬಾಯಿ ತೆರೆದು, ಹುಡುಕಿ, ಹುಡುಕಿ, ಸಿಕ್ಕಿದ್ದು ಅದೇ ಒಂದು. ಕೇಳಿಸಿಕೊಂಡು ತಾನೇ ಕಣ್ಣು ಮುಚ್ಚಿಕೊಳ್ತಿದ್ದ.

ಮಾತು ಕಲಿಸೋ ಡಾಕ್ಟರಮ್ಮ ಮನೆಗೆ ಬರ್ತಿದ್ದಳು. ಒಳ್ಳೇ ಹುಡುಗಿ. ನನ್ನನ್ನ ಪಕ್ಕಕ್ಕೆ ಕರೆದು ಹೇಳಿದಳು: “ಮಾತೆಲ್ಲ ಒಳಗೇ ಇದೆ, ಬರೋ ದಾರಿ ಮುಚ್ಚಿದೆ. ಮೊದಲನೇ ವರ್ಷದಲ್ಲಿ ದಾರಿ ತೆರೆಯೋದು ಸುಲಭ, ಹೋಗ್ತಾ ಹೋಗ್ತಾ ಕಷ್ಟ. ಅವರ ಬಾಯಿಗೆ ನೀವು ಮಾತು ತುರುಕಬೇಡಿ. ಕೇಳಿ, ಆಮೇಲೆ ಕಾಯಿರಿ. ಅವರೇ ಪ್ರಯತ್ನ ಬಿಟ್ಟರೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ.” ಅವಳ ಹತ್ತಿರ ಚಿತ್ರದ ಕಾರ್ಡುಗಳಿದ್ದವು. ಲೋಟ, ಛತ್ರಿ, ಬೆಕ್ಕು. ಊರಿಗೆಲ್ಲ ಪಾಠ ಹೇಳಿದ ಮನುಷ್ಯನ ಮುಂದೆ ಲೋಟ ತೋರಿಸಿ “ಇದೇನು ಹೇಳಿ?” ಅಂದರೆ ಹೇಗಾಗಬೇಡ? ಕೆಲವು ತಿಂಗಳು ಒದ್ದಾಡಿದ. ಆಮೇಲೆ ಕಾರ್ಡು ಕಂಡ ತಕ್ಷಣ ಗೋಡೆ ಕಡೆ ತಿರುಗೋಕೆ ಶುರು ಮಾಡಿದ. ಕೊನೆಗೆ ಬ್ರೇಕ್ ಅನ್ನೋದನ್ನೂ ಬಿಟ್ಟ. ಆ ಬ್ರೇಕನ್ನಾದರೂ ಒಮ್ಮೆ ಅನ್ನಪ್ಪಾ ಅಂತ ನಾನು ಅಡುಗೆಮನೆಯಲ್ಲಿ ನಿಂತು ಬೇಡಿಕೊಂಡಿದ್ದೇನೆ.

ಸ್ಕೂಲಿನ ಕಾರು ಈಗ ನನ್ನ ಪಾಲಿಗೆ ಬಂತು. ಅಪ್ಪನ ತಗ್ಗಿನ ಸೀಟಲ್ಲಿ ಕೂತು ನಾನು ಪಾಠ ಹೇಳೋಕೆ ಶುರು ಮಾಡಿದೆ. ನಾನು ಅಪ್ಪನ ಹಾಗೆ ತಾಳ್ಮೆಯವಳಲ್ಲ. ಕ್ಲಚ್ ಬಿಡಿ ಅಂದರೆ ಸ್ಟೀರಿಂಗ್ ಬಿಡೋರನ್ನ ಕಂಡರೆ ಮೈ ಉರಿಯುತ್ತೆ. ಬೈದು, ಆಮೇಲೆ ಟೀ ಕುಡಿಸಿ, ಹೇಗೋ ನಡೀತು.

ಮಾಮ ದಿನ ಬಿಟ್ಟು ದಿನ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಮನೆಗೆ ಬರ್ತಿದ್ದ. ಬಿಸಿನೀರು, ಬ್ರಷ್ಷು, ಹೆಗಲ ಮೇಲೆ ಟವೆಲ್ಲು. ಅಪ್ಪನನ್ನ ಕಿಟಕಿ ಪಕ್ಕ ಕೂರಿಸಿ, ನೊರೆ ಹಚ್ಚಿ, ಒಂದು ಬೆರಳಲ್ಲಿ ಗದ್ದ ಎತ್ತಿ, ಕತ್ತಿ ಗಂಟಲಿಗೆ ತಂದು ಶುರು ಮಾಡ್ತಿದ್ದ. “ನೋಡಿ ಮೇಷ್ಟ್ರೇ, ಕೆಂಪಿಗೆ ಕಾರ್ಪೆಟ್ಟೂ ಇಲ್ಲ, ರೇಡಿಯೋನೂ ಇಲ್ಲ. ಅಷ್ಟು ದುಡ್ಡು ಕೊಟ್ಟು ಯಾರಾದರೂ ಬರೀ ನೆಲದ ಮೇಲೆ ಕಾಲಿಡ್ತಾರಾ?” ಹೇಳಿ, ಕತ್ತಿ ಎತ್ತಿ, ಹಾಗೇ ಗಾಳಿಯಲ್ಲಿ ಹಿಡಿದು ಕಾಯ್ತಿದ್ದ. ಉತ್ತರಕ್ಕೆ ಜಾಗ ಬಿಟ್ಟು. ನೊರೆ ಕೆನ್ನೆ ಮೇಲೆ ಒಣಗ್ತಿತ್ತು. ಮಾಮ ಇನ್ನೊಮ್ಮೆ ಬ್ರಷ್ ಅದ್ದಿ ಹಚ್ತಿದ್ದ. ಇನ್ನೊಂದು ಮಾತು, ಇನ್ನೊಮ್ಮೆ ಕಾಯೋದು. ಒಂದು ಗಡ್ಡಕ್ಕೆ ಒಂದು ಮಧ್ಯಾಹ್ನ. ಬೇಕಂತಲೇ ತಪ್ಪು ಹೇಳಿ ಕೂಡ ನೋಡಿದ. “ಕೆಂಪಿಗೆ ನಾಲ್ಕೇ ಸಿಲಿಂಡರು ಅಲ್ವಾ?” ಅಂದ. ಎಂಟು ಅಂತ ನನ್ನ ಬಾಯಿಗೇ ಬಂತು, ಅಪ್ಪನ ಹುಬ್ಬು ಮಾತ್ರ ಅಲ್ಲಾಡಿತು.

ಒಂದೇ ಒಂದಕ್ಕೆ ಅಪ್ಪ ಉತ್ತರ ಕೊಡ್ತಿದ್ದ. ಮಾಮ “ಸ್ಟೀರಿಂಗು?” ಅಂದರೆ ಎಡಗೈ ಎತ್ತಿ, ಮೈಯ ಅಡ್ಡಕ್ಕೆ ತಂದು, ಬಲಗಡೆ ಗಾಳಿಯಲ್ಲಿ ಚಕ್ರ ತಿರುಗಿಸಿದ ಹಾಗೆ ತೋರಿಸ್ತಿದ್ದ. ಕಣ್ಣಲ್ಲಿ ಆಗೊಂದು ಮಿಂಚು ಬರ್ತಿತ್ತು. ಮಾಮ ಮುಖ ತಿರುಗಿಸಿಕೊಂಡು ಬ್ರಷ್ ತೊಳೆಯೋಕೆ ಹೋಗ್ತಿದ್ದ.

“ಸಾಕು ಬಿಡು ಮಾಮ, ನಿನ್ನ ಅಂಗಡಿ ಹಾಳಾಗುತ್ತೆ,” ಅಂದೆ ಒಂದು ದಿನ.

“ಜಗಳಕ್ಕೆ ಇನ್ನೊಬ್ಬರು ಬೇಕಲ್ಲಮ್ಮ,” ಅಂದ. “ನಾನೊಬ್ಬನೇ ಎರಡೂ ಕಡೆ ಮಾತಾಡಿ ಮಾತಾಡಿ ಸಾಕಾಗಿದೆ. ನಿಮ್ಮಪ್ಪ ನನ್ನನ್ನ ಒಂದು ಸಲ ಬೈದರೆ ಸಾಕು, ಇನ್ನೇನೂ ಬೇಡ ನನಗೆ.”

ಆಗಲೇ ಬಂತು ಸುದ್ದಿ. ಊರಾಚೆಯ ದೊಡ್ಡ ಮೈದಾನದಲ್ಲಿ ಅಪರೂಪದ ಕಾರುಗಳ ಪ್ರದರ್ಶನ. ಯಾರೋ ಸಂಗ್ರಹಕಾರರು ಎಫ್40, 959 ಎರಡನ್ನೂ ತರ್ತಾರಂತೆ. ನಾನು ಕುಣಿದುಬಿಟ್ಟೆ. ಅಪ್ಪನನ್ನ ಕರ್ಕೊಂಡು ಹೋಗೋಣ, ಕೆಂಪಿಯನ್ನ ಎದುರಿಗೆ ಕಂಡರೆ ಖಂಡಿತ ಏನಾದರೂ ಅಂತಾನೆ, ಡಾಕ್ಟರಮ್ಮನೂ ಹೌದು ಅಂದಿದ್ದಾಳೆ ಅಂತ ಹೇಳೋಕೆ ಅಂಗಡಿಗೆ ಓಡಿದೆ. ಮಾಮನ ಮುಖ ಸಪ್ಪಗಾಯ್ತು.

“ಬೇಡಮ್ಮ,” ಅಂದ.

“ಬೇಡ ಅಂದ್ರೆ? ನಿನಗೇನು ತಲೆ ಕೆಟ್ಟಿದೆಯಾ?”

ಅವನು ನನ್ನನ್ನ ಕುರ್ಚಿಯಲ್ಲಿ ಕೂರಿಸಿ ಕನ್ನಡಿ ತೋರಿಸಿದ. “ಕೆಂಪಿಯ ಸ್ಟೀರಿಂಗ್ ಯಾವ ಕಡೆ?”

“ಬಲಗಡೆ.”

“ಈಗ ತಿರುಗಿ ನೋಡು.”

ತಿರುಗಿದೆ. ಬಾಗಿಲಿನ ಮೇಲೆ, ಬಣ್ಣ ಮಾಸಿದ ಚಿತ್ರದಲ್ಲಿ, ಸ್ಟೀರಿಂಗು ಕಾರಿನ ಎಡಗಡೆ ಇತ್ತು. ಥೂ! ನಾನು ಡ್ರೈವಿಂಗ್ ಹೇಳಿಕೊಡೋಳು, ಚಿಕ್ಕಂದಿನಿಂದ ಆ ಅಂಗಡಿಯಲ್ಲಿ ಆಡಿ ಬೆಳೆದೋಳು, ಒಂದು ಸಲವಾದರೂ ಹೊಳೆದಿದ್ರೆ ಕೇಳಿ. ಕನ್ನಡಿ ಎಡವನ್ನ ಬಲ ಮಾಡುತ್ತೆ ಅಂತ ಯಾವ ಮಗುವಿಗೆ ಗೊತ್ತಿಲ್ಲ? ಆ ಕುರ್ಚಿಯಲ್ಲಿ ಕೂತ ಊರಿನ ಅರ್ಧ ಗಂಡಸರು ಇವತ್ತಿಗೂ ಫೆರಾರಿ ಸ್ಟೀರಿಂಗ್ ಬಲಗಡೆ ಅಂತಲೇ ಆಣೆ ಮಾಡ್ತಾರೆ.

“ನಿನಗೆ ಯಾವಾಗಿಂದ ಗೊತ್ತು?”

“ಅಂಟಿಸಿದವನು ನಾನೇ ಅಲ್ವಾ. ಮೊದಲ ದಿನದಿಂದ ಗೊತ್ತು.”

“ಮತ್ತೆ ಅಪ್ಪನಿಗೆ ಹೇಳಿದ್ರೆ ನೀನೇ ಗೆಲ್ತಿದ್ದೆ!”

“ಗೆದ್ದು?” ಅಂದ ಮಾಮ. “ನನಗೋಸ್ಕರಾನೇ ಮಾಡಿರೋ ಕಾರು ಅಂತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡಿದೀಯಾ ನೀನು? ನಾನು ಅದನ್ನ ಹೇಗೆ ಕಿತ್ಕೊಳ್ಳಲಿ? ಈಗ ನೋಡು, ಉಳಿದಿರೋದು ಅದೊಂದೇ. ಅದಕ್ಕೊಂದಕ್ಕೆ ಕೈ ಎತ್ತುತ್ತಾರೆ. ಅಲ್ಲಿ ಹೋಗಿ ಎಡಗಡೆ ಅಂತ ಕಂಡ್ರೆ, ಆ ಕೈನೂ ಎತ್ತೋದು ಬಿಟ್ಟರೆ, ನಾನೇನು ಮಾಡಲಿ?” ನನ್ನ ಸಿಟ್ಟೆಲ್ಲ ಎಲ್ಲಿ ಹೋಯ್ತೋ. ಇಂಥ ಮನುಷ್ಯನ ಜೊತೆ ಅಪ್ಪ ಇಷ್ಟು ವರ್ಷ ಜಗಳ ಆಡಿದ್ದಾನಲ್ಲ, ಎಷ್ಟು ಪುಣ್ಯ ಮಾಡಿದ್ದ ಅನ್ನಿಸ್ತು.

ಆದರೂ ಹೋಗೋದು ಅಂತ ನಾನೇ ಹಟ ಹಿಡಿದೆ. ಸುಮ್ಮನಿದ್ದರೆ ಇನ್ನೇನು ಉಳಿಯುತ್ತೆ, ಮನೆಯಲ್ಲಿ ಗೋಡೆ ಇದ್ದೇ ಇದೆ. ಮಾಮ ಹೂಂ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಆ ದಿನ ಬೆಳಿಗ್ಗೆ ಬೇಗ ಬಂದು ಅಪ್ಪನಿಗೆ ಚೊಕ್ಕವಾಗಿ ಗಡ್ಡ ಮಾಡಿದ, ಮೀಸೆ ತಿದ್ದಿದ. ಅಮ್ಮ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, “ನಿಮ್ಮ ಕೆಂಪಿಗೆ ನನ್ನ ನಮಸ್ಕಾರ ಹೇಳಿ,” ಅಂದಳು. ಅಪ್ಪನನ್ನ ಸ್ಕೂಲ್ ಕಾರಿನ ಅವನ ಸೀಟಿನಲ್ಲೇ ಕೂರಿಸಿದೆ. ದಾರಿಯುದ್ದಕ್ಕೂ ಎಡಗಾಲು ಬ್ರೇಕ್ ಕಡೆಗೇ ಸರೀತಿತ್ತು. ನಾನು ಜೋರಾಗಿ ಓಡಿಸ್ತೀನಿ, ಪಾಪ.

ಮೈದಾನದಲ್ಲಿ ಜನವೋ ಜನ. ಗಾಲಿಕುರ್ಚಿ ತಳ್ಳಿಕೊಂಡು, ದಾರಿ ಬಿಡಿಸ್ಕೊಂಡು ಹೋದ್ವಿ. ಕೊನೆಯ ಶಾಮಿಯಾನದ ಕೆಳಗೆ ಎರಡೂ ನಿಂತಿದ್ದವು. ಮಾಮನ ಕಾಲು ಅಲ್ಲೇ ಕಟ್ಟಿಹಾಕಿದ ಹಾಗಾಯ್ತು. ಜೀವನವಿಡೀ ವಕಾಲತ್ತು ವಹಿಸಿದ ಬೆಳ್ಳಿ ಮೂರು ಮಾರು ದೂರದಲ್ಲಿ, ದುಂಡಗೆ, ಸಾಧುವಾಗಿ. “ಇಷ್ಟೇನಾ ಇರೋದು? ಪುಟ್ಟಕ್ಕಿದೆಯಲ್ಲೇ,” ಅಂದ. ಕಣ್ಣಲ್ಲಿ ನೀರು.

ಆ ಕಾರುಗಳ ಒಡೆಯರು ಅಲ್ಲೇ ಮಡಚೋ ಕುರ್ಚಿಯಲ್ಲಿ ಕೂತಿದ್ದರು, ವಯಸ್ಸಾದವರು, ತಲೆಗೂದಲು ಕಪ್ಪಗೆ ಮಿರಮಿರ. ಮಾಮನ ಕಣ್ಣು ಮೊದಲು ಹೋಗಿದ್ದು ಅಲ್ಲಿಗೇ. ಅವರು ಅಪ್ಪನನ್ನ ನೋಡಿ ಎದ್ದು ಬಂದರು. “ಎರಡರಲ್ಲಿ ಒಂದನ್ನ ಮಾರಬೇಕು ಅಂತಿದೀನಿ. ಯಾವುದು ಅಂತ ಮನಸ್ಸು ಒಪ್ತಿಲ್ಲ. ಓಡಿಸೋಕೆ ಬೆಳ್ಳಿ ಬಣ್ಣದ್ದು ಸುಖ. ಮನೆಯವಳನ್ನ ಕೂರಿಸ್ಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಕೆಂಪು ಕಾರು ಬೆನ್ನು ಮುರಿಯುತ್ತೆ, ಬೆವರಿಳಿಸುತ್ತೆ, ಇಳಿದ ಮೇಲೆ ಮತ್ತೆ ಹತ್ತಬೇಕು ಅನ್ನಿಸುತ್ತೆ.”

“ಅಲ್ಲ ಸ್ವಾಮಿ,” ಅಂತ ಮಾಮ ತಡೆಯಲಾರದೆ ಕೇಳೇಬಿಟ್ಟ, “ಬೆಳ್ಳಿ ಅಷ್ಟು ಕಡಿಮೆ ಇದ್ದೂ ಕೆಂಪಿಗೆ ಯಾಕೆ ಹೆಚ್ಚು ಬೆಲೆ?”

ಅವರು ನಕ್ಕರು. “ಆ ಕಾಲದ ಹುಡುಗರು ಕೆಂಪು ಕಾರಿನ ಚಿತ್ರ ಗೋಡೆಗೆ ಅಂಟಿಸ್ಕೊಂಡು ಮಲಗ್ತಿದ್ದರು. ದೊಡ್ಡವರಾಗಿ ದುಡ್ಡು ಕಂಡ ಮೇಲೆ ಅದೇ ಬೇಕು ಅಂತಾರೆ. ಎಷ್ಟು ಮಾಡಿದ್ದಾರೆ ಅನ್ನೋದಕ್ಕಿಂತ ಎಷ್ಟು ಜನ ಆಸೆಪಟ್ಟಿದ್ದಾರೆ ಅನ್ನೋದೇ ಲೆಕ್ಕ.”

“ಹಾಗಾದ್ರೆ ನಿಮ್ಮ ಕಾರಿನ ಬೆಲೆಯಲ್ಲಿ ನನ್ನ ಅಂಗಡಿ ಗೋಡೆಗೂ ಪಾಲಿದೆ,” ಅಂದ ಮಾಮ. ಒಡೆಯರಿಗೆ ಅರ್ಥ ಆಗಲಿಲ್ಲ, ಆದರೂ ಜೋರಾಗಿ ನಕ್ಕರು. ಆಮೇಲೆ ಕೆಂಪಿಯ ಮೈಯನ್ನ ತೋರಿಸಿದರು. ಬಣ್ಣ ಎಷ್ಟು ತೆಳು ಅಂದರೆ ಒಳಗಿನ ಕಾರ್ಬನ್ ಎಳೆಗಳ ನೇಯ್ಗೆ ಗೆರೆಗೆರೆಯಾಗಿ ಕಾಣ್ತಿತ್ತು. “ಹೀಗೇ ಇರಬೇಕು. ಚೆಂದ ಮಾಡ್ತೀನಿ ಅಂತ ಮತ್ತೆ ಬಣ್ಣ ಬಳಿದರೋ, ಬೆಲೆ ಇಳೀತು. ವಯಸ್ಸು ಮುಚ್ಚಿಡಬಾರದು.” ಮಾಮ ಅವರ ಕಪ್ಪು ಕೂದಲನ್ನೇ ನೋಡ್ತಾ ತುಟಿ ಕಚ್ಚಿಕೊಂಡ. ನಾನು ಅವನ ಕಾಲು ತುಳಿದೆ.

ಅಷ್ಟರಲ್ಲಿ ಅಪ್ಪ ಎಡಗೈಯಿಂದ ಕುರ್ಚಿಯ ಗಾಲಿಯನ್ನ ತಾನೇ ತಳ್ಳೋಕೆ ಶುರು ಮಾಡಿದ್ದ. ಒಂದೇ ಗಾಲಿ ತಿರುಗಿ ಕುರ್ಚಿ ಅಡ್ಡ ಹೋಗ್ತಿತ್ತು. ಒಡೆಯರು ಅಡ್ಡ ಕಟ್ಟಿದ್ದ ಹಗ್ಗ ತೆಗೆದು, “ಹತ್ತಿರ ಬನ್ನಿ,” ಅಂದರು. ಅಪ್ಪ ಕೈ ತೋರಿಸಿದ ಕಡೆ, ಬಲಗಡೆ ಬಾಗಿಲಿಗೆ, ನಾನು ತಳ್ಳಿಕೊಂಡು ಹೋದೆ. ಮಾಮ ನನ್ನ ಹಿಂದೆ.

ಅಪ್ಪ ಬಗ್ಗಿ ಗಾಜಿನೊಳಗೆ ನೋಡಿದ. ಎದುರಿಗೆ ಕೆಂಪು ಬಟ್ಟೆಯ ಸೀಟು, ಅದರ ಮುಂದೆ ಏನೂ ಇಲ್ಲ. ಖಾಲಿ. ಹಾಗೇ ನೋಡ್ತಾ ಕೂತ. ಎತ್ತಿದ್ದ ಎಡಗೈ ನಿಧಾನಕ್ಕೆ ತೊಡೆ ಮೇಲೆ ಬಂತು. ಮಾಡಬಾರದ್ದು ಮಾಡಿಬಿಟ್ಟೆ, ಹಟ ಮಾಡಿ ಕರ್ಕೊಂಡು ಬಂದು ಇದ್ದದ್ದನ್ನೂ ಕಳೆದೆ ಅಂದ್ಕೊಂಡೆ.

“ಮೇಷ್ಟ್ರೇ,” ಅಂತ ಮಾಮ ಕುರ್ಚಿಯ ಪಕ್ಕ ಮಂಡಿಯೂರಿ ಕೂತ. ಗಡ್ಡ ಮಾಡುವಾಗ ಕಾಯೋ ಹಾಗೇ ಕಾದ. ಕೈಯಲ್ಲಿ ಕತ್ತಿ ಇರಲಿಲ್ಲ, ಆದರೂ ಕೈ ಗಾಳಿಯಲ್ಲೇ ಇತ್ತು.

ಅಪ್ಪ ಆ ಕಡೆ ಅಂತ ಗದ್ದ ಆಡಿಸಿದ. ಕಾರಿನ ಮುಂದಿನಿಂದ ಸುತ್ತಿಸಿ ಎಡಗಡೆ ಬಾಗಿಲಿಗೆ ತಂದೆ. ಒಡೆಯರು ಬಾಗಿಲು ತೆರೆದರು. ಸ್ಟೀರಿಂಗು ಅಲ್ಲಿತ್ತು. ಅಪ್ಪ ಸೀಟನ್ನ ನೋಡಿದ, ಸ್ಟೀರಿಂಗನ್ನ ನೋಡಿದ, ಮತ್ತೆ ಸೀಟನ್ನ. ಎಡಗೈ ಚಾಚಿ ಸೀಟಿನ ಅಂಚು ಮುಟ್ಟಿದ, ಆಮೇಲೆ ಮೇಲೆತ್ತಿ ಸ್ಟೀರಿಂಗ್ ಹಿಡಿದ. ತುಟಿ ಅಲ್ಲಾಡ್ತು. ಡಾಕ್ಟರಮ್ಮ ಹೇಳಿದ್ದು ನೆನೆಸಿಕೊಂಡು ನಾನು ಬಾಯಿ ಬಿಗಿಹಿಡಿದು ನಿಂತೆ.

“ನನ್,” ಅಂದ ಅಪ್ಪ. ಮತ್ತೆ ಹುಡುಕಿದ. ಹಣೆ ಮೇಲೆ ಬೆವರು. “ನನ್... ಸೀಟು.”

ಮಾಮ ಅಲ್ಲಾಡಲಿಲ್ಲ.

“ನನ್ ಸೀಟು,” ಅಂದ ಇನ್ನೊಮ್ಮೆ, ಈ ಸಲ ಜೋರಾಗಿ. ಸ್ಟೀರಿಂಗ್ ಮೇಲೆ ಅಂಗೈಯಿಂದ ಬಡಿದು ತೋರಿಸಿದ. ನೋಡ್ರೋ, ನನ್ನ ಸೀಟಿಗೇ ಸ್ಟೀರಿಂಗ್ ಇಟ್ಟಿದ್ದಾರೆ ಅಂತ. ಜೀವಮಾನವಿಡೀ ಎಡಗಡೆ ಕೂತವನ ಎದುರಿಗೆ, ಖಾಲಿ ಇದ್ದ ಜಾಗದಲ್ಲಿ. ಅರ್ಧ ಮುಖದಲ್ಲಿ ನಗು ಬಂತು, ಇನ್ನರ್ಧಕ್ಕೆ ಬರೋಕಾಗಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು. ಅಮ್ಮ ಇರಬೇಕಿತ್ತು ಅಲ್ಲಿ.

ಆಮೇಲೆ ಅಪ್ಪ ತಿರುಗಿ ಮಾಮನನ್ನ ನೋಡಿದ. ಬೆರಳು ಅವನ ಎದೆಗೆ ತಾಗಿಸಿದ. ಬಹಳ ಹೊತ್ತು ಹಿಡೀತು. “ಕನ್... ನಡಿ,” ಅಂದ. “ನಿಂಗೆ... ಗೊತ್ತಿತ್ತು.”

ಅಷ್ಟೇ ಸಾಕಾಯ್ತು. ಮಾಮ ಗೊಳೋ ಅಂತ ಅತ್ತುಬಿಟ್ಟ. ಅಷ್ಟು ಜನರ ಮುಂದೆ, ನೆಲದ ಮೇಲೆ ಕೂತು. “ಗೊತ್ತಿತ್ತು ಮೇಷ್ಟ್ರೇ, ಮೊದಲಿಂದ ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ, ನೀವು ಅಷ್ಟು ಆಸೆ ಇಟ್ಕೊಂಡಿದ್ದಿರಿ, ನಾನು ಹೇಳಬೇಕಿತ್ತು, ಬೈಯಿರಿ ನನ್ನನ್ನ, ಇನ್ನೂ ಬೈಯಿರಿ, ಕೆಂಪಿನೇ ದೊಡ್ಡದು, ಒಪ್ಕೊಂಡೆ, ಬೆಳ್ಳಿ ಏನೂ ಇಲ್ಲ, ಆಸ್ಪತ್ರೆ ಮಂಚಾನೇ ಅದು...” ನಿಲ್ಲಿಸೋ ಲಕ್ಷಣವೇ ಇಲ್ಲ. ಒಡೆಯರು ಏನು ಮಾಡಬೇಕು ಅಂತ ತೋಚದೆ ನೀರಿನ ಬಾಟಲಿ ಹಿಡ್ಕೊಂಡು ನಿಂತಿದ್ದರು.

ಅಪ್ಪ ಎಡಗೈಯನ್ನ ಅವನ ತಲೆ ಮೇಲಿಟ್ಟ.

“ಬ್ರೇಕ್,” ಅಂದ.

ಅಷ್ಟು ತಿಂಗಳಲ್ಲಿ ಆ ಪದ ಸರಿಯಾದ ಜಾಗಕ್ಕೆ ಬಂದಿದ್ದು ಅದೇ ಮೊದಲು. ಮಾಮ ಗಪ್ಪನೆ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮೊದಲು ಅಪ್ಪನ ಕಣ್ಣು ಒರೆಸಿದ, ಆಮೇಲೆ ತನ್ನದು.